ವಸಂತದ ಹೆಸರು, ಮಳೆಯ ಲೆಕ್ಕ: ಚಿತ್ರದುರ್ಗ ಸೀಮೆಯ ಮಳೆಗಾದೆಗಳ ಭಾಷಿಕ ನೆಲೆ

1. ಪ್ರವೇಶ

ಕನ್ನಡ ಜಾನಪದ ಅಧ್ಯಯನದಲ್ಲಿ ಮಳೆಗಾದೆಗಳಿಗೆ ಒಂದು ನಿರ್ದಿಷ್ಟ ಸ್ಥಾನವುಂಟು. ಗಾದೆಗಳ ಸಂಕಲನಗಳಲ್ಲಿ ಅವು 'ಕೃಷಿ', 'ಹವಾಮಾನ' ಇಲ್ಲವೆ 'ನಂಬಿಕೆ' ಎಂಬ ಶೀರ್ಷಿಕೆಗಳ ಅಡಿಯಲ್ಲಿ ವರ್ಗೀಕೃತವಾಗಿವೆ. ಅವುಗಳ ವಿವೇಚನೆಯಲ್ಲಿ ಸಾಮಾನ್ಯವಾಗಿ ಎರಡು ನಿಲುವುಗಳು ಕಾಣಿಸುತ್ತವೆ. ಮೊದಲನೆಯದು, ಮಳೆಗಾದೆಗಳು ಜನಪದರು ಶತಮಾನಗಳ ಅನುಭವದಿಂದ ರೂಪಿಸಿಕೊಂಡ ಹವಾಮಾನ ಮುನ್ಸೂಚನೆಗಳು ಎಂಬ ಅಭಿಮಾನದ ನಿಲುವು. ಎರಡನೆಯದು, ಅವು ಪ್ರಾಸಕ್ಕೆ ಕಟ್ಟಿದ ಮಾತುಗಳು, ಅವುಗಳಿಗೆ ವೈಜ್ಞಾನಿಕ ಆಧಾರವಿಲ್ಲ ಎಂಬ ನಿರಾಕರಣೆಯ ನಿಲುವು. ಮೇಲುನೋಟಕ್ಕೆ ಇವು ಪರಸ್ಪರ ವಿರುದ್ಧವಾಗಿದ್ದರೂ ಎರಡರ ತಳದಲ್ಲಿಯೂ ಒಂದೇ ಗ್ರಹಿಕೆಯಿದೆ: ಗಾದೆ ಮಳೆಯನ್ನು ಕುರಿತು ಭವಿಷ್ಯ ನುಡಿಯುತ್ತದೆ ಎಂಬುದು. ಒಬ್ಬರು ಆ ಭವಿಷ್ಯವನ್ನು ನಿಜವೆನ್ನುತ್ತಾರೆ, ಇನ್ನೊಬ್ಬರು ಸುಳ್ಳೆನ್ನುತ್ತಾರೆ.

ಈ ಗ್ರಹಿಕೆಯನ್ನೇ ಮರುಪರಿಶೀಲನೆಗೆ ಒಳಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳನ್ನು ಒಳಗೊಂಡ ಗುಡ್ಡಗಾಡು ಸೀಮೆಯ ವಸಂತಕಾಲದ ಹವೆಯನ್ನು ಹಿನ್ನೆಲೆಯಾಗಿಟ್ಟುಕೊಂಡು, ಅಲ್ಲಿಯೂ ಬಯಲುಸೀಮೆಯ ಇತರೆಡೆಗಳಲ್ಲಿಯೂ ಬಳಕೆಯಲ್ಲಿರುವ ಮಳೆಗಾದೆಗಳ ಪದ ಮತ್ತು ವಾಕ್ಯರಚನೆಯನ್ನು ಇಲ್ಲಿ ಗಮನಿಸಲಾಗಿದೆ. ಮಳೆಗಾದೆ ಮಳೆ ಬರುತ್ತದೆಂದು ಹೇಳುವುದಿಲ್ಲ; ಬಂದರೆ ಏನು ಎಂಬುದನ್ನು ಹೇಳುತ್ತದೆ. ಈ ವ್ಯತ್ಯಾಸ ಕೇವಲ ವ್ಯಾಕರಣದ್ದಲ್ಲ, ಚಂಚಲವಾದ ಹವೆಯ ನಡುವೆ ಬಿತ್ತನೆಯ ತೀರ್ಮಾನ ಕೈಗೊಳ್ಳಬೇಕಾದ ಒಕ್ಕಲಿನ ಬದುಕಿನದು ಎಂಬುದು ಲೇಖನದ ಪ್ರತಿಪಾದನೆ.

2. ನೆಲ ಮತ್ತು ಹವೆ

ನಾಲ್ಕು ತಾಲ್ಲೂಕು ಕೇಂದ್ರಗಳ ಹೆಸರುಗಳೇ ಈ ಸೀಮೆಯ ಸ್ವರೂಪವನ್ನು ಸೂಚಿಸುತ್ತವೆ. ಎರಡು ಹೆಸರುಗಳಲ್ಲಿ 'ದುರ್ಗ'ವಿದೆ, ಒಂದರಲ್ಲಿ 'ಕೆರೆ'ಯಿದೆ, ಮತ್ತೊಂದರಲ್ಲಿ 'ಊರು' ಇದೆ. ಹಳಗನ್ನಡದಲ್ಲಿ ಪಟ್ಟಣವೆಂಬ ಅರ್ಥದ 'ಪೊೞಲ್' ಶಬ್ದವೇ 'ಹೊಳಲು' ಆಗಿದ್ದು, ಹೊಳಲ್ಕೆರೆ ಎಂದರೆ ಪಟ್ಟಣದ ಕೆರೆ ಎಂದಾಗುತ್ತದೆ. ಗುಡ್ಡ ಮತ್ತು ಕಟ್ಟಿ ನಿಲ್ಲಿಸಿದ ನೀರು, ಈ ಎರಡರ ಆಸರೆಯಲ್ಲಿ ಇಲ್ಲಿಯ ಜನವಸತಿ ಬೆಳೆದಿದೆ.

ಚಿತ್ರದುರ್ಗದ ಬೆಟ್ಟಸಾಲು ಜಿಲ್ಲೆಯ ನಡುವೆ ಸ್ಥೂಲವಾಗಿ ವಾಯವ್ಯದಿಂದ ಆಗ್ನೇಯಕ್ಕೆ ಹಾಯ್ದಿದೆ. ಚಿತ್ರದುರ್ಗ ಪಟ್ಟಣದ ಬಳಿಯ ಜೋಗಿಮಟ್ಟಿ ಈ ಸಾಲಿನ ಪ್ರಸಿದ್ಧ ಶಿಖರ. ಸಾಲಿನ ಪಶ್ಚಿಮಕ್ಕೆ ಹೊಳಲ್ಕೆರೆ, ಹೊಸದುರ್ಗಗಳ ಅಡಕೆ, ತೆಂಗು, ರಾಗಿ, ಸಾಮೆಯ ನೆಲ. ಪೂರ್ವಕ್ಕೆ ಹಿರಿಯೂರಿನ ಹೆಚ್ಚು ಒಣಗಿದ ಬಯಲು. ಬಾಬಾಬುಡನ್‌ಗಿರಿಯ ಸೀಮೆಯಲ್ಲಿ ಹುಟ್ಟುವ ವೇದಾವತಿ ಹೊಸದುರ್ಗದ ಭಾಗವನ್ನು ಹಾಯ್ದು, ಮಾರಿಕಣಿವೆಯಲ್ಲಿ ಈ ಬೆಟ್ಟಸಾಲನ್ನು ಸೀಳಿಕೊಂಡು ಹಿರಿಯೂರಿನ ಕಡೆಗೆ ಇಳಿಯುತ್ತದೆ. ಆ ಕಣಿವೆಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಲಾದ ವಾಣಿವಿಲಾಸ ಸಾಗರವು 1933ರಲ್ಲಿ ತುಂಬಿ ಹರಿಯಿತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ತರುವಾಯ, 2022ರ ಸೆಪ್ಟೆಂಬರಿನಲ್ಲಿ. ಈ ಎರಡು ಇಸವಿಗಳ ನಡುವಣ ಅಂತರವೇ ಇಲ್ಲಿಯ ಮಳೆಯ ಅನಿಶ್ಚಿತತೆಗೆ ಸಾಕ್ಷಿ.

ಕೃಷಿ ಹವಾಮಾನ ವಿಭಾಗಕ್ರಮದಲ್ಲಿ ನಾಲ್ಕೂ ತಾಲ್ಲೂಕುಗಳು ಕರ್ನಾಟಕದ ಮಧ್ಯ ಒಣ ವಲಯಕ್ಕೆ ಸೇರಿವೆ. ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಈ ಸೀಮೆಯಲ್ಲಿ ವರ್ಷದ ಮಳೆ ಒಂದೇ ಏರಿಳಿತವನ್ನು ಅನುಸರಿಸುವುದಿಲ್ಲ. ಮೇ ತಿಂಗಳಲ್ಲಿ ಗುಡುಗು ಸಿಡಿಲಿನೊಡನೆ ಒಂದು ಚಿಕ್ಕ ಏರು ಕಾಣುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಮಳೆ ಜಡಿಯುವ ಜೂನ್, ಜುಲೈ ತಿಂಗಳುಗಳಲ್ಲಿ ಇಲ್ಲಿ ಬಹುಪಾಲು ಗಾಳಿ ಮತ್ತು ಮೋಡ, ಮಳೆ ಅಲ್ಪ. ದೊಡ್ಡ ಏರು ಬರುವುದು ಸೆಪ್ಟೆಂಬರ್, ಅಕ್ಟೋಬರುಗಳಲ್ಲಿ. ಬೆಟ್ಟಸಾಲಿನ ನೆತ್ತಿಯ ಮೇಲೆ ಸಾಲುಗಟ್ಟಿ ನಿಂತಿರುವ ಗಾಳಿಯಂತ್ರಗಳು ಈ ನಡುಗಾಲದ ಗಾಳಿಯನ್ನೇ ಹೆಚ್ಚಾಗಿ ಅವಲಂಬಿಸಿವೆ.

ಮಾರ್ಚಿಯಿಂದ ಮೇವರೆಗಿನ ಹವೆಯ ಚಂಚಲತೆಗೆ ಕಾರಣ ಸ್ಪಷ್ಟ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ. ಒಳನಾಡಿನ ಮೇಲೆ ಉತ್ತರ ದಕ್ಷಿಣವಾಗಿ ಏರ್ಪಡುವ ಕಡಿಮೆ ಒತ್ತಡದ ಪಟ್ಟಿಯ ಇಕ್ಕೆಲಗಳಿಂದ, ಅಂದರೆ ಅರಬ್ಬೀ ಸಮುದ್ರ ಮತ್ತು ಬಂಗಾಳಕೊಲ್ಲಿಗಳಿಂದ, ತೇವದ ಗಾಳಿ ಒಳನುಗ್ಗುತ್ತದೆ. ಇವು ಸಂಧಿಸಿದ ಕಡೆ ಮಧ್ಯಾಹ್ನದ ಹೊತ್ತಿಗೆ ಮೋಡ ಗೋಪುರವಾಗಿ ಬೆಳೆದು, ಸಂಜೆಗೆ ಬಿರುಗಾಳಿ, ಸಿಡಿಲು, ಕೆಲವೊಮ್ಮೆ ಆಲಿಕಲ್ಲಿನೊಡನೆ ಸುರಿಯುತ್ತದೆ. ಬೆಟ್ಟಗಳು ಗಾಳಿಯನ್ನು ಮೇಲಕ್ಕೆ ತಳ್ಳುವುದರಿಂದ ಮೋಡ ಕಟ್ಟುವ ಕ್ರಿಯೆಗೆ ಅಲ್ಲಲ್ಲಿ ಒತ್ತಾಸೆ ದೊರೆಯುತ್ತದೆ. ಇಂಥ ಮೋಡದ ಹರವು ಕೆಲವೇ ಮೈಲಿಗಳದು, ಆಯುಸ್ಸು ಕೆಲವೇ ಗಂಟೆಗಳದು. ಆದಕಾರಣ ಒಂದು ಊರಿನ ಹೊಲ ಹದವಾದಾಗ ಪಕ್ಕದ ಊರಿನ ಹೊಲದಲ್ಲಿ ಧೂಳೇಳುವುದು ಈ ಕಾಲದ ಸಹಜ ಸ್ಥಿತಿ.

ಹೀಗೆ ಬಂದ ನೀರನ್ನು ಬಂದಾಗಲೇ ಹಿಡಿದಿಡುವ ಎಚ್ಚರ ಈ ಸೀಮೆಯಲ್ಲಿ ಪುರಾತನವಾದುದು. ಕ್ರಿ.ಶ. 4ನೆಯ ಶತಮಾನದ ಮಧ್ಯಭಾಗಕ್ಕೆ ಸೇರಿಸಲಾಗುವ, ಕದಂಬ ಮಯೂರಶರ್ಮನ ಚಂದ್ರವಳ್ಳಿಯ ಪ್ರಾಕೃತ ಶಾಸನದ ವಿಷಯ ಒಂದು ತಟಾಕ. ದುರ್ಗದ ಕೋಟೆಯೊಳಗೆ ಮೇಲಿನ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡಗಳಿಂದ ಕೆಳಗಿನ ಸಿಹಿನೀರು ಹೊಂಡ, ಸಂತೆಹೊಂಡಗಳವರೆಗೆ ಮಳೆನೀರು ಒಂದರಿಂದೊಂದಕ್ಕೆ ಇಳಿಯುವಂತೆ ಮಾಡಿರುವ ವ್ಯವಸ್ಥೆಯೂ ಅದೇ ಎಚ್ಚರದ ಕಲ್ಲಿನ ರೂಪ. ಅದೇ ಎಚ್ಚರ ಭಾಷೆಯಲ್ಲಿ ತಳೆದ ರೂಪಗಳಲ್ಲಿ ಮಳೆಗಾದೆಯೂ ಒಂದು.

3. 'ವಸಂತ', 'ಸುಗ್ಗಿ', 'ಬೇಸಗೆ': ಋತುವಾಚಕಗಳ ಸಮಸ್ಯೆ

ಸಂಸ್ಕೃತದ ಷಡೃತು ಕಲ್ಪನೆಯಂತೆ ಚೈತ್ರ, ವೈಶಾಖಗಳು ವಸಂತ. ಕನ್ನಡ ಚಂಪೂಕಾವ್ಯಗಳು ಅಷ್ಟಾದಶ ವರ್ಣನೆಗಳ ಅಂಗವಾಗಿ ಈ ಋತುವನ್ನು ಮಾವಿನ ಚಿಗುರು, ಕೋಗಿಲೆ, ದುಂಬಿ, ಮಲಯಮಾರುತಗಳೊಡನೆ ಚಿತ್ರಿಸಿದವು. ಮಲಯಮಾರುತವು ಮಂದವಾಗಿ, ಸುಗಂಧವಾಗಿ ಬೀಸುತ್ತದೆ ಎಂಬುದು ಕವಿಸಮಯ. ಚಿತ್ರದುರ್ಗ ಸೀಮೆಯ ಚೈತ್ರ ವೈಶಾಖಗಳಲ್ಲಿ ಬೇವು, ಹೊಂಗೆಗಳು ಚಿಗುರುವುದು ನಿಜವಾದರೂ ಗಾಳಿ ಮಂದವಲ್ಲ. ಮಧ್ಯಾಹ್ನ ಸುಳಿಗಾಳಿಯಾಗಿ, ಸಂಜೆ ಬಿರುಗಾಳಿಯಾಗಿ ಬರುತ್ತದೆ. ಕಾವ್ಯದ ವಸಂತಕ್ಕೂ ನೆಲದ ವಸಂತಕ್ಕೂ ಇರುವ ಈ ಅಂತರವನ್ನು ಕವಿಗಳ ದೋಷವೆಂದು ಎಣಿಸಬೇಕಾಗಿಲ್ಲ. ಕವಿಸಮಯದ ಕೆಲಸ ಬೇರೆ, ಹವೆಯ ವರದಿಯ ಕೆಲಸ ಬೇರೆ. ಆದರೆ ಆ ಅಂತರದಿಂದ ಏಳುವ ಭಾಷಿಕ ಪ್ರಶ್ನೆ ಮುಖ್ಯವಾದುದು: ಈ ಕಾಲವನ್ನು ಆಡುಮಾತು ಏನೆಂದು ಕರೆಯುತ್ತದೆ?

'ವಸಂತ'ಕ್ಕೆ ಸಂವಾದಿಯಾದ ದೇಸಿ ಶಬ್ದ ಕನ್ನಡದಲ್ಲಿ ಇಲ್ಲದಿಲ್ಲ. 'ಸುಗ್ಗಿ' ಶಬ್ದಕ್ಕೆ ವಸಂತ ಎಂಬ ಅರ್ಥವೂ ಪೈರು ಕೊಯ್ಯುವ ಕಾಲ ಎಂಬ ಅರ್ಥವೂ ಉಂಟು. ಆದರೆ ಬಯಲುಸೀಮೆಯ ಆಡುಮಾತಿನಲ್ಲಿ ಉಳಿದದ್ದು ಎರಡನೆಯ ಅರ್ಥ ಮಾತ್ರ. ಸುಗ್ಗಿ ಎಂದರೆ ಕಣದಲ್ಲಿ ರಾಶಿ ಬೀಳುವ, ಚಳಿಗಾಲದ ಆಸುಪಾಸಿನ ದಿನಗಳು. ಹೀಗೆ 'ಸುಗ್ಗಿ' ಬೆಳೆಯೊಡನೆ ಹಿಂದಕ್ಕೆ ಸರಿದ ಮೇಲೆ ಚೈತ್ರ ವೈಶಾಖಗಳಿಗೆ ಉಳಿದ ಹೆಸರು 'ಬೇಸಗೆ'. ಉರಿ, ಕಾವು ಎಂಬ ಅರ್ಥದ 'ಬೇ' ಧಾತುವಿಗೆ ಸಂಬಂಧಿಸಿದ ಈ ಶಬ್ದ ಸೆಕೆಯನ್ನು ಹೇಳುತ್ತದೆಯೇ ಹೊರತು ಆ ಸೆಕೆಯ ನಡುವೆ ಹಠಾತ್ತಾಗಿ ಒದಗುವ ಮಳೆಯನ್ನು ಹೇಳುವುದಿಲ್ಲ. 'ಮುಂಗಾರು' ಎಂಬುದು 'ಕಾರ್' ಅಂದರೆ ಮಳೆಗಾಲದ ಮುಂಭಾಗ. ಅದೂ ಈ ಅವಧಿಯನ್ನು ಪೂರ್ಣವಾಗಿ ಒಳಗೊಳ್ಳುವುದಿಲ್ಲ. 'ಮುಂಗಾರು ಪೂರ್ವ ಮಳೆ' ಎಂಬುದು ಪತ್ರಿಕೆ ಮತ್ತು ಇಲಾಖೆಗಳ ಭಾಷೆ. ಒಕ್ಕಲಿನವರು ಅಕಾಲದಲ್ಲಿ ಬಂದ ಮಳೆಯನ್ನು 'ಅಡ್ಡಮಳೆ' ಎನ್ನುವುದುಂಟು. ಎಲ್ಲಿಂದಲೋ ಅಡ್ಡ ಬಂದದ್ದು ಎಂಬ ಧ್ವನಿಯೇ ಅದು ಒಂದು ಋತುವಿನ ಹೆಸರಲ್ಲವೆಂಬುದನ್ನು ತೋರಿಸುತ್ತದೆ.

ಕ್ರಿಯಾಪದಗಳಲ್ಲಿಯೂ ಈ ಭೇದ ಸ್ಪಷ್ಟ. ಮಳೆಗಾಲದ ಮಳೆ 'ಹಿಡಿಯುತ್ತದೆ', 'ಜಡಿಯುತ್ತದೆ', 'ಸೋನೆ'ಯಾಗುತ್ತದೆ. ಇವು ಮುಂದುವರಿಕೆಯನ್ನು ಸೂಚಿಸುವ ಪದಗಳು. ಬೇಸಗೆಯ ಮಳೆ 'ಹೊಡೆಯುತ್ತದೆ', 'ಹುಯ್ಯುತ್ತದೆ', 'ಬಡಿದುಹೋಗುತ್ತದೆ'. ಇವು ಒಮ್ಮೆಗೆ ಆಗಿ ಮುಗಿಯುವ ಘಟನೆಯನ್ನು ಸೂಚಿಸುವಂಥವು. ಮಳೆ ಬಂದ ಮೇಲೆ ನೆಲ ತಲಪುವ ಸ್ಥಿತಿಗೆ 'ಹದ' ಮತ್ತು 'ಬೆದೆ' ಎಂಬ ಶಬ್ದಗಳಿವೆ. 'ಬೆದೆ' ಎಂಬುದು ಬಿತ್ತನೆಗೆ ಯೋಗ್ಯವಾದ ನೆಲದ ತೇವಕ್ಕೂ ಪಶುಗಳ ಗರ್ಭಧಾರಣೆಯ ಸ್ಥಿತಿಗೂ ಸಲ್ಲುವ ಶಬ್ದ. ಎರಡೂ ಅಲ್ಪಕಾಲ ನಿಲ್ಲುವ, ಮೀರಿದರೆ ತಪ್ಪಿಹೋಗುವ ಸ್ಥಿತಿಗಳು. ಆಡುಮಾತು ಈ ಕಾಲಕ್ಕೆ ಒಂದು ಹೆಸರನ್ನು ಕೊಡದೆ, ಅದರೊಳಗಣ ಒಂದೊಂದು ಘಟನೆಗೂ ಒಂದೊಂದು ಹೆಸರನ್ನು ಕೊಟ್ಟಿದೆ ಎಂದು ಹೇಳಬಹುದು. ಆ ಘಟನೆಗಳನ್ನು ಕಾಲಕ್ರಮದಲ್ಲಿ ಜೋಡಿಸುವ ಕೆಲಸವನ್ನು ಮಳೆನಕ್ಷತ್ರಗಳು ನಿರ್ವಹಿಸುತ್ತವೆ.

4. ಮಳೆನಕ್ಷತ್ರ: ಹೆಸರು ಶಾಸ್ತ್ರದ್ದು, ಬೆಲೆ ನೆಲದ್ದು

ಪಂಚಾಂಗದ ದಿನನಕ್ಷತ್ರ ಚಂದ್ರನನ್ನು ಅನುಸರಿಸಿದರೆ ಮಳೆನಕ್ಷತ್ರ ಸೂರ್ಯನನ್ನು ಅನುಸರಿಸುತ್ತದೆ. ಸೂರ್ಯ 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ಹಾಯುವುದರಿಂದ ಒಂದೊಂದು ಮಳೆಗೆ 13ರಿಂದ 14 ದಿನಗಳ ಅವಧಿ. ಇಂದಿನ ಲೆಕ್ಕದಲ್ಲಿ ಅಶ್ವಿನಿ ಏಪ್ರಿಲ್ 14ರ ಸುಮಾರಿಗೆ, ಭರಣಿ 27ರ ಸುಮಾರಿಗೆ, ಕೃತ್ತಿಕೆ ಮೇ 11ರ ಸುಮಾರಿಗೆ, ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರ ಜೂನ್ 8ರ ಸುಮಾರಿಗೆ 'ಹುಟ್ಟುತ್ತವೆ'. ವಸಂತದ ಕೊನೆಯ ಭಾಗ ಮತ್ತು ಮುಂಗಾರಿನ ಬಾಗಿಲು ಮೊದಲ ನಾಲ್ಕು ನಕ್ಷತ್ರಗಳಲ್ಲಿ ಅಡಗಿವೆ.

ಈ ಹೆಸರುಗಳು ಸಂಸ್ಕೃತ ಮೂಲದವು. ಆದರೆ ಎಲ್ಲವೂ ಪಂಚಾಂಗದ ಪುಟದಿಂದ ಇತ್ತೀಚೆಗೆ ಇಳಿದು ಬಂದವಲ್ಲ ಎಂಬುದಕ್ಕೆ ಧ್ವನಿವ್ಯತ್ಯಾಸಗಳೇ ಆಧಾರ. ಪೂರ್ವಾ ನಕ್ಷತ್ರದ ಆಡುರೂಪ 'ಹುಬ್ಬೆ'. ಪೂರ್ವಾ > ಪುಬ್ಬೆ > ಹುಬ್ಬೆ ಎಂಬ ಈ ಸರಣಿ, ಪರ್ವ > ಪಬ್ಬ > ಹಬ್ಬ ಎಂಬ ಸರಣಿಗೆ ಸಮಾನಾಂತರವಾಗಿದೆ. ಪದಾದಿಯ ಪಕಾರ ಹಕಾರವಾಗುವ ಪ್ರಕ್ರಿಯೆ 10ನೆಯ ಶತಮಾನದ ಸುಮಾರಿನಿಂದ ಶಾಸನಗಳಲ್ಲಿ ತಲೆದೋರಿ ನಡುಗನ್ನಡದಲ್ಲಿ ವ್ಯಾಪಕವಾಯಿತು. ತರುವಾಯ ಬಂದ ಸಂಸ್ಕೃತ ಶಬ್ದಗಳು ಸಾಮಾನ್ಯವಾಗಿ ಈ ಬದಲಾವಣೆಗೆ ಒಳಗಾಗಲಿಲ್ಲ. ಹೀಗಾಗಿ 'ಹುಬ್ಬೆ' ಎಂಬ ರೂಪವು ಮಳೆನಕ್ಷತ್ರದ ಹೆಸರುಗಳಲ್ಲಿ ಕೆಲವಾದರೂ ಪಕಾರ ಹಕಾರವಾಗುವ ಮೊದಲೇ, ಪ್ರಾಕೃತದ ಛಾಯೆಯೊಡನೆ, ಕನ್ನಡದ ಆಡುಮಾತಿನಲ್ಲಿ ನೆಲೆಸಿದ್ದವು ಎಂಬುದನ್ನು ಸೂಚಿಸುತ್ತದೆ. ಆರ್ದ್ರಾ 'ಆರಿದ್ರೆ'ಯಾದದ್ದು, ಚಿತ್ರಾ 'ಚಿತ್ತೆ'ಯಾದದ್ದು ಸಹ ಇದೇ ದಿಕ್ಕಿನ ಪುರಾವೆಗಳು.

ಹೆಸರುಗಳನ್ನು ಪಡೆದುಕೊಂಡ ಒಕ್ಕಲುತನ ಅವುಗಳ ಶಾಸ್ತ್ರೀಯ ಬೆಲೆಯನ್ನು ಪಡೆದುಕೊಳ್ಳಲಿಲ್ಲ. ಮುಹೂರ್ತಶಾಸ್ತ್ರದಲ್ಲಿ ಅಶ್ವಿನಿ ಕ್ಷಿಪ್ರಗಣಕ್ಕೆ ಸೇರಿದ ಶುಭನಕ್ಷತ್ರ. ಅದರ ಅಧಿದೇವತೆಗಳು ದೇವವೈದ್ಯರಾದ ಅಶ್ವಿನೀಕುಮಾರರು. ಭರಣಿ ಉಗ್ರಗಣದ್ದು, ಅಧಿದೇವತೆ ಯಮ. ಗಾದೆಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ದೇವವೈದ್ಯರ ನಕ್ಷತ್ರದ ಮಳೆಗೆ 'ಅಶ್ವಿನಿ ಸಸ್ಯನಾಶಿನಿ' ಎಂಬ ಬಿರುದು. ಯಮನ ನಕ್ಷತ್ರದ ಮಳೆಗೆ 'ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ' ಎಂಬ ಸ್ವಾಗತ. ಉಗ್ರಗಣದ ಇನ್ನೊಂದು ನಕ್ಷತ್ರವಾದ ಮಘೆಯ ವಿಷಯದಲ್ಲಿಯೂ ಹೀಗೆಯೇ. ಪಿತೃದೇವತಾಕವಾದ ಆ ನಕ್ಷತ್ರದ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎನ್ನುತ್ತದೆ ಗಾದೆ. ದಿನಶುದ್ಧಿಯ ಲೆಕ್ಕವೂ ಮಳೆಯ ಲೆಕ್ಕವೂ ಬೇರೆ ಬೇರೆ ಎಂದು ಇದಕ್ಕೆ ಸಮಾಧಾನ ಹೇಳಬಹುದು. ಆ ಸಮಾಧಾನವೇ ಇಲ್ಲಿಯ ವಾದಕ್ಕೆ ಪೂರಕ. ಒಂದೇ ಹೆಸರಿನ ಎರಡು ಲೆಕ್ಕಗಳು ಒಂದೇ ಮನೆಯಲ್ಲಿ ಘರ್ಷಣೆಯಿಲ್ಲದೆ ನಡೆದುಬಂದಿವೆ. ಮದುವೆಗೆ ಭರಣಿಯನ್ನು ಬಿಡುವ ಕುಟುಂಬವೇ ಉಳುಮೆಗೆ ಭರಣಿಯನ್ನು ಕಾಯುತ್ತದೆ. ಆದಕಾರಣ ಮಳೆಗಾದೆಗಳನ್ನು ಜ್ಯೋತಿಷ್ಯದ ಜನಪದೀಕರಣವೆಂದು ಗ್ರಹಿಸುವುದು ಸಾಧುವಲ್ಲ.

ಈ ಬೆಲೆಕಟ್ಟುವಿಕೆಯ ಹಿಂದೆ ನೆಲದ ತರ್ಕವಿದೆ. ಅಶ್ವಿನಿಯ ಅವಧಿಯಲ್ಲಿ ಬೀಳುವ ಆಲಿಕಲ್ಲು, ಬಿರುಗಾಳಿಗಳಿಗೆ ಮಾವಿನ ಮಿಡಿ ಉದುರುತ್ತದೆ, ಅಡಕೆಯ ಹೊಂಬಾಳೆ ಕೆಡುತ್ತದೆ. ಆ ತೇವವನ್ನು ನಂಬಿ ಬಿತ್ತಿದ ಬೀಜ ಮೊಳೆತರೂ ಮುಂದಿನ ಮಳೆಯವರೆಗಿನ ಬಿಸಿಲನ್ನು ತಾಳಲಾರದೆ ಒಣಗುತ್ತದೆ. ಭರಣಿಯ ಮಳೆಯ ಹೊತ್ತಿಗೆ ಕಾಲ ಎರಡು ವಾರ ಮುಂದೆ ಸರಿದಿರುತ್ತದೆ. ನೆಲ ಉತ್ತು ಬಿಡಲು, ಕಳೆ ಮೊಳೆಯಿಸಿ ಹರಗಲು, ಎಳ್ಳು, ಹೆಸರು, ಅಲಸಂದೆಗಳಂಥ ಅಲ್ಪಾವಧಿಯ ಬೆಳೆಗೆ ಅಣಿಮಾಡಲು ಅದು ತಕ್ಕ ಸಮಯ. ದನಗಳಿಗೆ ಹಸಿರು ಮೇವು ಕಾಣುವುದೂ ಆಗಲೇ. ಹೊಸದುರ್ಗ, ಹಿರಿಯೂರುಗಳ ಕಾಡುಗೊಲ್ಲರಂಥ ಪಶುಪಾಲಕ ಸಮುದಾಯಗಳಿಗೆ ಈ ಮೇವಿನ ಬೆಲೆ ಬೆಳೆಗಿಂತ ಕಡಿಮೆಯದಲ್ಲ.

5. 'ಬರುವುದು', 'ಬರಬಹುದು', 'ಬಂದರೆ'

ಗಾದೆಗಳ ವಾಕ್ಯರಚನೆಯನ್ನು ಈಗ ಪರಿಶೀಲಿಸಬಹುದು. 'ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ', 'ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ' ಎಂಬ ಎರಡರಲ್ಲಿಯೂ ಮೂರು ಅಂಶಗಳು ಸಮಾನವಾಗಿವೆ. ಮೊದಲನೆಯದು, ಪಕ್ಷಾರ್ಥಕ ರೂಪವಾದ 'ಬಂದರೆ'. ಎರಡನೆಯದು, ಕ್ರಿಯಾಪದವಿಲ್ಲದ ಫಲಭಾಗ. ಮೂರನೆಯದು, ನಕ್ಷತ್ರನಾಮ ಮತ್ತು ಫಲಭಾಗದ ಮೊದಲ ಪದಗಳ ನಡುವಣ ಪ್ರಾಸ: ಭರಣಿ - ಧರಣಿ, ರೋಹಿಣಿ - ಓಣಿ.

ಮೂರನೆಯ ಅಂಶದಿಂದ ಪ್ರಾರಂಭಿಸುವುದು ಅವಶ್ಯ, ಏಕೆಂದರೆ ನಿರಾಕರಣೆಯ ನಿಲುವಿನವರು ಆಧರಿಸುವುದು ಅದನ್ನೇ. ಭರಣಿಗೆ 'ಧರಣಿ' ಬಂದದ್ದು ಪ್ರಾಸದಿಂದ, ಅನುಭವದಿಂದಲ್ಲ ಎಂಬ ಆಕ್ಷೇಪದಲ್ಲಿ ಹುರುಳಿದೆ. 'ಧರಣಿಯೆಲ್ಲಾ', 'ಓಣಿಯೆಲ್ಲಾ' ಎಂಬ ವ್ಯಾಪ್ತಿಯನ್ನು ಅಳತೆಯೆಂದು ತೆಗೆದುಕೊಳ್ಳಲಾಗದು. ಆದರೆ ಪ್ರಾಸ ನಿರ್ಧರಿಸುವುದು ಪದವನ್ನು. ಆ ಮಳೆ ಬೇಕೋ ಬೇಡವೋ ಎಂಬ ತೀರ್ಪನ್ನಲ್ಲ. ಅಶ್ವಿನಿಗೆ 'ನಾಶಿನಿ' ಎಂಬ ಪ್ರಾಸ ಒದಗಿದಂತೆ ಶುಭವಾಚಿಯಾದ ಇನ್ನೊಂದು ಇನ್ನಂತ ಪದವೂ ಒದಗಬಹುದಾಗಿತ್ತು. ಭರಣಿಗೆ 'ಮರಣಿ'ಯಂಥ ಅಶುಭಪ್ರಾಸ ಕೈಯಳತೆಯಲ್ಲಿಯೇ ಇತ್ತು, ಯಮನ ಸಂಬಂಧದಿಂದ ಅದು ಸಹಜವೂ ಆಗಿರುತ್ತಿತ್ತು. ಸಮುದಾಯ ಅದನ್ನು ಆಯ್ದುಕೊಳ್ಳಲಿಲ್ಲ. ಲಭ್ಯವಿದ್ದ ಪ್ರಾಸಗಳ ನಡುವೆ ನಡೆದ ಆಯ್ಕೆಯಲ್ಲಿ ಅನುಭವದ ಕೈವಾಡವನ್ನು ಗುರುತಿಸಬೇಕಾಗುತ್ತದೆ.

ಮೊದಲನೆಯ ಅಂಶ ಇನ್ನೂ ಮುಖ್ಯವಾದುದು. ಬಂದೊಡೆ > ಬಂದಡೆ > ಬಂದರೆ ಎಂದು ಸಾಗಿಬಂದಿರುವ ಪಕ್ಷಾರ್ಥಕ ರೂಪವು ಕ್ರಿಯೆ ನಡೆಯುತ್ತದೆಂದೂ ಹೇಳುವುದಿಲ್ಲ, ನಡೆಯುವುದಿಲ್ಲವೆಂದೂ ಹೇಳುವುದಿಲ್ಲ. ಅದು ಕ್ರಿಯೆಯನ್ನು ಕಲ್ಪಿಸಿಕೊಂಡು ಅದರ ಪರಿಣಾಮದ ಕಡೆಗೆ ಗಮನ ಹರಿಸುತ್ತದೆ. ಈ ಸೀಮೆಯ ಒಕ್ಕಲಿನವರ ಕಿವಿಗೆ ವಸಂತದ ಮಳೆಯನ್ನು ಕುರಿತು ಇಂದು ಮೂರು ಬಗೆಯ ವಾಕ್ಯಗಳು ಬೀಳುತ್ತವೆ. ಯುಗಾದಿಯ ದಿನದ ಪಂಚಾಂಗಶ್ರವಣದಲ್ಲಿ ವರ್ಷದ ಮಳೆಬೆಳೆಗಳ ಫಲ ನಿಶ್ಚಯಾರ್ಥದಲ್ಲಿರುತ್ತದೆ: ಮಳೆ 'ಬರುವುದು', ಬೆಳೆ 'ಆಗುವುದು'. ಹವಾಮಾನ ಇಲಾಖೆಯ ಪ್ರಕಟಣೆ ಸಂಭಾವನಾರ್ಥದಲ್ಲಿರುತ್ತದೆ: ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಮಳೆ 'ಬರಬಹುದು'. ಗಾದೆ ಪಕ್ಷಾರ್ಥದಲ್ಲಿರುತ್ತದೆ: ಮಳೆ 'ಬಂದರೆ'.

ಈ ಮೂರನ್ನು ಒಂದೇ ತಕ್ಕಡಿಯಲ್ಲಿ ತೂಗುವುದರಿಂದ ಗೊಂದಲ ಉಂಟಾಗಿದೆ. ಪಂಚಾಂಗದ ವಾಕ್ಯವನ್ನು ನಿಜ ಅಥವಾ ಸುಳ್ಳು ಎಂದು ವರ್ಷಾಂತ್ಯದಲ್ಲಿ ಪರೀಕ್ಷಿಸಬಹುದು. ಇಲಾಖೆಯ ವಾಕ್ಯವನ್ನು ಅನೇಕ ದಿನಗಳ ಮಳೆಮಾಪನದ ದಾಖಲೆಯೊಡನೆ ಹೋಲಿಸಿ ಅದರ ವಿಶ್ವಾಸಾರ್ಹತೆಯನ್ನು ಅಳೆಯಬಹುದು. ಗಾದೆಯ ವಾಕ್ಯವನ್ನು ಮಳೆ ಬಂದಿತೋ ಇಲ್ಲವೋ ಎಂಬ ಆಧಾರದ ಮೇಲೆ ಪರೀಕ್ಷಿಸಲಾಗದು. ಭರಣಿ ಮಳೆ ಬಾರದ ವರ್ಷ ಭರಣಿಯ ಗಾದೆ ಸುಳ್ಳಾಗುವುದಿಲ್ಲ. ಬಂದ ವರ್ಷ ನೆಲದಲ್ಲಿ ಏನು ನಡೆಯಿತು ಎಂಬುದೇ ಅದರ ಪರೀಕ್ಷೆ. 'ಗಾದೆಯಂತೆ ಈಗ ಮಳೆ ಬರುತ್ತಿಲ್ಲ' ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಬಯಲುಸೀಮೆಯ ವಸಂತದಲ್ಲಿ ಮಳೆ ಗಾದೆಯಂತೆ ಬಂದದ್ದು ಎಂದೂ ಇಲ್ಲ. ಹಾಗೆ ಬರುವಂತಿದ್ದರೆ 'ಬಂದರೆ' ಎಂಬ ರೂಪದ ಅಗತ್ಯವೇ ಬೀಳುತ್ತಿರಲಿಲ್ಲ.

ಪಕ್ಷಾರ್ಥಕ ರಚನೆ ವಸಂತದ ಗಾದೆಗಳಿಗಷ್ಟೇ ಸೀಮಿತವಲ್ಲ, ಸ್ವಾತಿಯವರೆಗಿನ ಗಾದೆಗಳಲ್ಲಿಯೂ ಅದು ದೊರೆಯುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಆದರೂ ಮಳೆಗಾಲದ ನಡುವಿನ ಮಘೆಯ ಗಾದೆ 'ಬಂದರೆ' ಎನ್ನದೆ 'ಬಂದಷ್ಟೂ' ಎನ್ನುವುದು ಅರ್ಥಪೂರ್ಣ. ಅಲ್ಲಿ ಮಳೆಯ ಇರವು ಗೃಹೀತ, ಪ್ರಶ್ನೆ ಪ್ರಮಾಣದ್ದು. ಭರಣಿಯಲ್ಲಿ ಇರವೇ ಪ್ರಶ್ನೆ. ಇನ್ನು ಅಶ್ವಿನಿಯ ಗಾದೆಯಲ್ಲಿ ಪಕ್ಷವೂ ಇಲ್ಲ, ಪ್ರಮಾಣವೂ ಇಲ್ಲ, ನೇರ ನಾಮವಾಕ್ಯ. ಆ ಮಳೆಯನ್ನು ನಂಬಿ ಬಿತ್ತಬೇಡ ಎಂಬ ಎಚ್ಚರಿಕೆಗೆ ಷರತ್ತು ಬೇಕಿಲ್ಲ. ಹೀಗೆ ಎಚ್ಚರಿಕೆ, ಷರತ್ತು, ಪ್ರಮಾಣ ಎಂಬ ಮೂರು ವಾಕ್ಯಬಗೆಗಳು ಅಶ್ವಿನಿ, ಭರಣಿ, ಮಘೆಗಳಲ್ಲಿ ಕ್ರಮವಾಗಿ ದೊರೆಯುತ್ತವೆ. ಮಳೆಯ ಭರವಸೆ ಹೆಚ್ಚಿದಂತೆ ವಾಕ್ಯದ ಬಗೆ ಬದಲಾಗಿರುವುದು ಹೆಚ್ಚಿನ ಗಾದೆಗಳ ಆಧಾರದ ಮೇಲೆ ಪರಿಶೀಲಿಸಲು ಯೋಗ್ಯವಾದ ಸಂಗತಿ.

6. ಲೆಕ್ಕದ ಸರಿಯುವಿಕೆ

ಮಳೆನಕ್ಷತ್ರಗಳ ಲೆಕ್ಕವೇ ಹಳತಾಗಿ ಕಾಲಕ್ಕೆ ಹೊಂದದಂತಾಗಿದೆ ಎಂಬ ಮತ್ತೊಂದು ವಾದವಿದೆ. ಇದರಲ್ಲಿ ಭಾಗಶಃ ಸತ್ಯವುಂಟು. ಈ ಲೆಕ್ಕ ನಿರಯನ ಪದ್ಧತಿಯದು. ಋತುಗಳಾದರೋ ಸಾಯನ ಗತಿಯವು. ಅಯನಚಲನೆಯ ಕಾರಣದಿಂದ ಇವೆರಡರ ನಡುವೆ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಅಂತರ ಬೆಳೆಯುತ್ತದೆ. ಚಂದ್ರವಳ್ಳಿಯ ಶಾಸನದ ಕಾಲದಿಂದ ಇಂದಿನವರೆಗೆ ಈ ಅಂತರ 23 ದಿನಗಳಷ್ಟಾಗುತ್ತದೆ. ಅಂದು ಅಶ್ವಿನಿಯನ್ನು ಸೂರ್ಯ ಪ್ರವೇಶಿಸುತ್ತಿದ್ದುದು ವಿಷುವದ್ದಿನದ ಆಸುಪಾಸಿನಲ್ಲಿ. ಇಂದು ಅದಕ್ಕಿಂತ ಮೂರು ವಾರಗಳಿಗೂ ಮಿಗಿಲಾಗಿ ತಡವಾಗಿ.

ಆದರೆ ಗಾದೆಗಳು ಇಂದಿನ ರೂಪದಲ್ಲಿ ಅಷ್ಟು ಪ್ರಾಚೀನವಲ್ಲ. 'ಬಂದರೆ' ಎಂಬ ರೂಪವೇ ಹೊಸಗನ್ನಡದ್ದು. ಗಾದೆಯೊಂದು ಮುನ್ನೂರು ವರ್ಷ ಹಳೆಯದೆಂದು ಊಹಿಸಿದರೂ ಲೆಕ್ಕದ ಸರಿಯುವಿಕೆ ನಾಲ್ಕು ದಿನಗಳಷ್ಟು ಮಾತ್ರ, ಅಂದರೆ ಒಂದು ನಕ್ಷತ್ರಪಾದಕ್ಕಿಂತ ತುಸು ಹೆಚ್ಚು. ಹದಿಮೂರು ದಿನಗಳ ಅವಧಿಯ ಒಂದು ಮಳೆಯಲ್ಲಿ ಇದು ತೀರ್ಪನ್ನು ಬದಲಿಸುವಷ್ಟು ದೊಡ್ಡದಲ್ಲ. ಹಾಗಾಗಿ ಈಚಿನ ದಶಕಗಳಲ್ಲಿ ಮಳೆ ಮತ್ತು ನಕ್ಷತ್ರಗಳ ಹೊಂದಾಣಿಕೆ ತಪ್ಪಿದೆ ಎಂದು ಒಕ್ಕಲಿನವರು ಹೇಳುವಾಗ ಅದರ ಕಾರಣವನ್ನು ಪಂಚಾಂಗದಲ್ಲಿ ಹುಡುಕಿ ಫಲವಿಲ್ಲ. ಮಳೆಯ ವರ್ಷವರ್ಷದ ಏರಿಳಿತ, ಬದಲಾಗುತ್ತಿರುವ ಹವಾಗುಣ ಮತ್ತು ಬದಲಾದ ಬೆಳೆಪದ್ಧತಿಗಳಲ್ಲಿ ಅದನ್ನು ಹುಡುಕಬೇಕಾಗುತ್ತದೆ.

7. ಬೆಳೆ ಬದಲಾದಾಗ ಗಾದೆ

ಮೂರನೆಯ ಕಾರಣ ಜಾನಪದ ವಿದ್ವಾಂಸರ ಗಮನವನ್ನು ವಿಶೇಷವಾಗಿ ಬೇಡುತ್ತದೆ. ಗಾದೆ ಒಂದು ನಿರ್ದಿಷ್ಟ ಬೆಳೆಯ ಪರವಾಗಿ ಮಾತನಾಡುತ್ತದೆ. ರೋಹಿಣಿಯ ಗಾದೆಯಲ್ಲಿ ಓಣಿಯೆಲ್ಲಾ ಜೋಳ. ಜೋಳ, ರಾಗಿ, ಸಾಮೆ, ನವಣೆಗಳು ಮಳೆಯಾಶ್ರಿತ ಬೆಳೆಗಳಾಗಿ ಹೊಲಗಳನ್ನು ತುಂಬಿದ್ದ ಕಾಲದಲ್ಲಿ ಮೇ ತಿಂಗಳ ಕೊನೆಯ ಮಳೆಗೆ ಇದ್ದ ಬೆಲೆ, ಮುಸುಕಿನ ಜೋಳ ಮತ್ತು ಈರುಳ್ಳಿ ಹರಡಿದ ಮೇಲೆ ಹಾಗೆಯೇ ಉಳಿಯಲಿಲ್ಲ. ಹೊಳಲ್ಕೆರೆ, ಹೊಸದುರ್ಗಗಳಲ್ಲಿ ಕೊಳವೆಬಾವಿಯ ನೀರಿಗೆ ಅಡಕೆಯ ತೋಟಗಳು ಹೆಚ್ಚಿವೆ. ಹಿರಿಯೂರು, ಹೊಸದುರ್ಗಗಳಲ್ಲಿ ದಾಳಿಂಬೆ ಕಾಲಿರಿಸಿದೆ. ಕೊಳವೆಬಾವಿಯ ಒಕ್ಕಲುತನಕ್ಕೆ ಭರಣಿಯ ಹದವನ್ನು ಕಾಯುವ ಅನಿವಾರ್ಯತೆ ಇಲ್ಲ. ಕಾಯುವಿಕೆ ತಪ್ಪಿದೊಡನೆ 'ಬಂದರೆ' ಎಂಬ ಷರತ್ತು ತನ್ನ ಒತ್ತಡವನ್ನು ಕಳೆದುಕೊಂಡು, ಗಾದೆ ಪಠ್ಯಪುಸ್ತಕದ ಅಲಂಕಾರವಾಗುತ್ತದೆ.

ಇದಕ್ಕೆ ವಿರುದ್ಧವಾದ ಚಲನೆಯೂ ಇದೆ. ಏಪ್ರಿಲ್ ತಿಂಗಳಲ್ಲಿ ಹೊಲ ಬರಿದಾಗಿದ್ದಾಗ ಅಶ್ವಿನಿಯ ಕಲ್ಲುಮಳೆ ನಾಶಮಾಡಲು ಹೊಲದಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ. ಹಾನಿ ಮಾವು, ಹುಣಸೆ, ಅಲ್ಲೊಂದು ಇಲ್ಲೊಂದು ತೋಟಕ್ಕೆ. ಇಂದು ಅದೇ ತಿಂಗಳಲ್ಲಿ ಅಡಕೆಯ ಹೊಂಬಾಳೆ, ದಾಳಿಂಬೆಯ ಹೂಕಾಯಿ, ಬಾಳೆಯ ಗೊನೆ ವ್ಯಾಪಕವಾಗಿ ನಿಂತಿರುತ್ತವೆ. ಹತ್ತು ನಿಮಿಷದ ಆಲಿಕಲ್ಲು ವರ್ಷದ ದುಡಿಮೆಯನ್ನೂ ಸಾಲದ ಕಂತನ್ನೂ ಒಟ್ಟಿಗೆ ಹೊಡೆದುಹಾಕಬಲ್ಲದು. ಭರಣಿಯ ಗಾದೆ ಕ್ಷೀಣಿಸುತ್ತಿರುವಾಗಲೇ ಅಶ್ವಿನಿಯ ಗಾದೆ ಹಿಂದೆಂದಿಗಿಂತ ಹೆಚ್ಚು ನಿಜವಾಗುತ್ತಿದೆ. ಗಾದೆಗಳ ಸಾವು ಬದುಕು ನೆನಪಿನ ಶಕ್ತಿಯನ್ನು ಮಾತ್ರ ಅವಲಂಬಿಸಿಲ್ಲ, ಅವು ಯಾವ ಅಪಾಯದೊಡನೆ ಮುಖಾಮುಖಿಯಾಗಿವೆ ಎಂಬುದನ್ನೂ ಅವಲಂಬಿಸಿವೆ.

ಅಳತೆಯ ಸಾಧನಗಳೂ ಈ ನಡುವೆ ಬದಲಾಗಿವೆ. 1988ರಲ್ಲಿ ಬರ ನಿರ್ವಹಣೆಯ ಉದ್ದೇಶದಿಂದ ಸ್ಥಾಪಿತವಾಗಿ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾದ ಸಂಸ್ಥೆ ಮಳೆಮಾಪಕಗಳ ಜಾಲವನ್ನು ಗ್ರಾಮಪಂಚಾಯಿತಿಗಳ ಮಟ್ಟಕ್ಕೆ ಒಯ್ದಿದೆ. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರ ಒಣಬೇಸಾಯದ ಸಮಸ್ಯೆಗಳ ಮೇಲೆ ಕೆಲಸ ಮಾಡುತ್ತ ಬಂದಿದೆ. ಹವಾಮಾನ ಇಲಾಖೆಯ ಪರಿಭಾಷೆಯಲ್ಲಿ 'ಒಂದೆರಡು ಕಡೆ' ಎಂದರೆ ಒಂದು ಪ್ರದೇಶದ ಮಾಪನ ಕೇಂದ್ರಗಳಲ್ಲಿ ಶೇ. 25ರವರೆಗಿನ ಕಡೆ ಮಳೆ ಎಂದರ್ಥ. ವಸಂತದ ಮಳೆಯ ಪ್ರಾದೇಶಿಕ ಅನಿಶ್ಚಿತತೆಯನ್ನು ಈ ಪರಿಭಾಷೆ ಪ್ರಾಮಾಣಿಕವಾಗಿ ಹೇಳುತ್ತದೆ. ಆದರೆ ಮಳೆ ತನ್ನ ಹೊಲಕ್ಕೆ ಬಿದ್ದ ಮೇಲೆ ಬಿತ್ತಬೇಕೋ ಕಾಯಬೇಕೋ ಎಂಬ ಪ್ರಶ್ನೆಗೆ ಅದು ಉತ್ತರಿಸುವುದಿಲ್ಲ. 'ಬರಬಹುದು' ಮುಗಿದಲ್ಲಿ 'ಬಂದರೆ' ಪ್ರಾರಂಭವಾಗುತ್ತದೆ. ಮೇ ತಿಂಗಳ ಏರು ಮತ್ತು ಸೆಪ್ಟೆಂಬರಿನ ಏರಿನ ನಡುವೆ ದೀರ್ಘ ಒಣಗಾಳಿಯ ಅವಧಿಯಿರುವ ಈ ಸೀಮೆಯಲ್ಲಿ ಆ ಎರಡನೆಯ ಪ್ರಶ್ನೆಯೇ ಬೀಜ, ಗೊಬ್ಬರ, ಸಾಲಗಳ ಅಳಿವು ಉಳಿವನ್ನು ನಿರ್ಧರಿಸುವಂಥದು.

8. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ವ್ಯಕ್ತವಾಗುತ್ತವೆ. ಚಿತ್ರದುರ್ಗ ಸೀಮೆಯ ವಸಂತದ ಚಂಚಲ ಹವೆಗೆ ಆಡುಮಾತು ಋತುವಿನ ಹೆಸರನ್ನು ಕೊಡದೆ ಘಟನೆಗಳ ಹೆಸರನ್ನು ಕೊಟ್ಟಿದೆ. ನಕ್ಷತ್ರನಾಮಗಳನ್ನು ಶಾಸ್ತ್ರದಿಂದ ಪಡೆದರೂ ಅವುಗಳ ಶುಭಾಶುಭಗಳನ್ನು ನೆಲದ ಅನುಭವದಿಂದ ಮರುನಿರ್ಧರಿಸಿದೆ. ಗಾದೆಯ ಪಕ್ಷಾರ್ಥಕ ರಚನೆ ಅದನ್ನು ಭವಿಷ್ಯವಾಣಿಯಿಂದಲೂ ಮುನ್ಸೂಚನೆಯಿಂದಲೂ ಬೇರ್ಪಡಿಸಿ, ತೀರ್ಮಾನಕ್ಕೆ ನೆರವಾಗುವ ಸೂತ್ರವನ್ನಾಗಿಸಿದೆ.

ಇದರಿಂದ ಸಂಗ್ರಹಕಾರ್ಯಕ್ಕೆ ಒಂದು ಪ್ರಾಯೋಗಿಕ ಸೂಚನೆಯೂ ದೊರೆಯುತ್ತದೆ. ಇದುವರೆಗಿನ ಸಂಕಲನಗಳಲ್ಲಿ ಮಳೆಗಾದೆಗಳು ಬಹುಪಾಲು ಅಕಾರಾದಿಯಾಗಿ, ಸಂದರ್ಭವಿಲ್ಲದೆ ದಾಖಲಾಗಿವೆ. ಒಂದೇ ಗಾದೆ ಹೊಳಲ್ಕೆರೆಯ ತೋಟದಲ್ಲಿಯೂ ಹಿರಿಯೂರಿನ ಎರೆಹೊಲದಲ್ಲಿಯೂ ಒಂದೇ ಅರ್ಥವನ್ನು ಕೊಡಲಾರದು. ಗಾದೆಯ ಪಾಠದೊಡನೆ ಊರು, ಮಣ್ಣಿನ ಬಗೆ, ಬೆಳೆ, ಹೇಳಿದವರ ಕಸುಬು ಮತ್ತು ಕೊನೆಯ ಬಾರಿ ಆ ಮಾತನ್ನು ಆಧರಿಸಿ ಬಿತ್ತಿದ ವರ್ಷ, ಇಷ್ಟನ್ನು ದಾಖಲಿಸಿದರೆ ಅದು ನೆರೆಯ ಮಳೆಮಾಪಕದ ಅಂಕಿಗಳೊಡನೆ ಹೋಲಿಕೆಗೆ ಒದಗುವ ಸಾಮಗ್ರಿಯಾಗುತ್ತದೆ. ಕನ್ನಡ ವಿಭಾಗಗಳ ಕ್ಷೇತ್ರಕಾರ್ಯವು ಹೋಬಳಿ ಮಟ್ಟದಲ್ಲಿ ಇದನ್ನು ಕೈಗೊಳ್ಳಬಹುದು. ಭರಣಿಯ ಹದವನ್ನು ಕಾದು ಬಿತ್ತಿದ ಕೊನೆಯ ತಲೆಮಾರು ಇನ್ನೂ ಮಾತಿಗೆ ಸಿಗುತ್ತಿರುವಾಗಲೇ ಈ ಕೆಲಸ ನಡೆಯಬೇಕಾಗಿದೆ.